ಕುಟ್ಟದಲ್ಲಿ ಉಳಿದು ನಾಗರಹೊಳೆ ನೋಡುವುದು: ಗೇಟು, ಹೊತ್ತು, ಬೈಕು, ಆನೆ

ಬಯಲುಸೀಮೆಯವ

ಫೆಬ್ರವರಿ ಕೊನೆಯ ವಾರ ಕೊಡಗಿನ ಕುಟ್ಟದಲ್ಲಿ ಎರಡು ರಾತ್ರಿ ಇರುವ ಯೋಚನೆ. ಆರು ಮಂದಿ, ಅದರಲ್ಲಿ ಎಪ್ಪತ್ತೆರಡರ ಅಮ್ಮ ಮತ್ತು ಏಳು ವರ್ಷದ ಮಗಳು. ಒಂದು ಕಾರು, ಒಂದು ಬೈಕು, ಹುಣಸೂರು ಮೇಲೆ ಬರುತ್ತೇವೆ. ಆನ್‌ಲೈನ್‌ನಲ್ಲಿ ನಾಗರಹೊಳೆ ಸಫಾರಿ ಅಂತ ಹುಡುಕಿದರೆ ಮೂರು ಹೆಸರು ಬರುತ್ತವೆ, ಯಾವುದನ್ನು ಒತ್ತಬೇಕೋ ತಿಳಿಯುತ್ತಿಲ್ಲ. ಕಬಿನಿಯ ಬೋಟ್ ಸಫಾರಿಯನ್ನೂ ಇದರಲ್ಲೇ ಸೇರಿಸಿಕೊಳ್ಳಬಹುದಾ? ಇರ್ಪು ಜಲಪಾತ, ಬ್ರಹ್ಮಗಿರಿ ಬೆಟ್ಟ, ಆನೆ ಶಿಬಿರ ಇವಕ್ಕೆ ಹೊತ್ತು ಸಾಲುತ್ತದಾ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಶ್ರೀಮಂಗಲದ ಗದ್ದೆ

ಸಾರ್, ಮೊದಲು ಗೇಟು ಗೊತ್ತುಮಾಡಿಕೊಳ್ಳಿ, ರೂಮು ಆಮೇಲೆ. ಇಲ್ಲಿಗೆ ಬರುವವರ ಅರ್ಧ ತೊಂದರೆ ಹುಟ್ಟುವುದೇ ಇದನ್ನು ಹಿಂದುಮುಂದು ಮಾಡಿದಾಗ.

ನಾಗರಹೊಳೆ 643 ಚದರ ಕಿಲೋಮೀಟರಿನ ಕಾಡು, ಕೊಡಗು ಮತ್ತು ಮೈಸೂರು ಎರಡೂ ಜಿಲ್ಲೆಗೆ ಚಾಚಿಕೊಂಡಿದೆ. ಸಫಾರಿ ಹೊರಡುವುದು ಅದರ ಅಂಚಿನ ಮೂರು ಕಡೆಯಿಂದ. ಕುಟ್ಟದ ಬದಿಗೆ ನಾಣಚ್ಚಿ. ಹುಣಸೂರಿನ ಬದಿಗೆ ವೀರನಹೊಸಹಳ್ಳಿ. ಎಚ್.ಡಿ.ಕೋಟೆ, ಅಂತರಸಂತೆ ಬದಿಗೆ ದಮ್ಮನಕಟ್ಟೆ. ಜನ 'ಕಬಿನಿ ಸಫಾರಿ' ಅನ್ನುವುದು ಈ ಕೊನೆಯದನ್ನು. ಹಿಂದೆ ಕಾಡಿನ ನಡುವಿನ ನಾಗರಹೊಳೆ ಕೇಂದ್ರದಿಂದಲೇ ಗಾಡಿ ಹೊರಡುತ್ತಿತ್ತು. ಹಳೆಯ ಬರಹಗಳಲ್ಲಿ ಇನ್ನೂ ಅದೇ ವಿಳಾಸ ಇದೆ, ಅದನ್ನು ನಂಬಿ ಹೋಗಬೇಡಿ.

ನೀವು ಕುಟ್ಟದಲ್ಲಿ ಮಲಗುವವರಾದರೆ ನಾಣಚ್ಚಿಯೇ ನಿಮ್ಮ ಗೇಟು. ಅಲ್ಲಿಂದ ದಮ್ಮನಕಟ್ಟೆಯ ಬೆಳಗಿನ ಸಫಾರಿ ಹಿಡಿಯಲು ಆಗುವುದೇ ಇಲ್ಲ. ಹೋಗಬೇಕಾದ ದಾರಿ ತೋಲ್ಪೆಟ್ಟಿ, ಕಾಟ್ಟಿಕುಳಂ, ಬಾವಲಿ, ಬಳ್ಳೆ ಮೇಲೆ. ಬಾವಲಿ ಚೆಕ್‌ಪೋಸ್ಟು ಸಂಜೆ 6ಕ್ಕೆ ಮುಚ್ಚಿದರೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ನೀವು ಕಾಡು ದಾಟಿ ಆ ಕಡೆ ಮುಟ್ಟುವಷ್ಟರಲ್ಲಿ ಸಫಾರಿ ಗಾಡಿಗಳು ಒಳಗೆ ಹೋಗಿರುತ್ತವೆ. ಕುಟ್ಟ–ನಾಗರಹೊಳೆ–ವೀರನಹೊಸಹಳ್ಳಿ ರಸ್ತೆಯದ್ದೂ ಇದೇ ಕತೆ: ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಒಂದು ಗೇಟಿನ ಬಳಿ ಮಲಗಿ ಇನ್ನೊಂದು ಗೇಟಿನ ಬೆಳಗಿನ ಸಫಾರಿಗೆ ದುಡ್ಡು ಕಟ್ಟಿದವರು ಅದನ್ನು ಕಳೆದುಕೊಳ್ಳುತ್ತಾರೆ.

ಬೋಟ್ ಬಗ್ಗೆಯೂ ಇದರಲ್ಲೇ ಉತ್ತರ ಇದೆ. ಸಂಜೆಯ ಬೋಟ್ ಮುಗಿಯುವ ಹೊತ್ತಿಗೆ ಬಾವಲಿ ಗೇಟು ಮುಚ್ಚಿರುತ್ತದೆ. ಮತ್ತೆ ಹುಣಸೂರಿಗೆ ಬಂದು ತಿತಿಮತಿ, ಗೋಣಿಕೊಪ್ಪ ಸುತ್ತಿ ಕುಟ್ಟ ಸೇರಬೇಕು, ರಾತ್ರಿ ತುಂಬಾ ತಡವಾಗುತ್ತದೆ. ಕಬಿನಿ ಬೇಕೇಬೇಕು ಅಂದರೆ ಒಂದು ರಾತ್ರಿ ಆ ದಡದಲ್ಲೇ ಇರಿ. ಮಾರ್ಚ್‌ನಿಂದ ಮೇವರೆಗೆ ಹಿನ್ನೀರು ಇಳಿದು ಎಳೆಹುಲ್ಲು ಬಂದಾಗ ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುವುದನ್ನು ನೋಡಲು ಅದು ಸರಿಯಾದ ಜಾಗ, ಆ ಮಾತು ನಿಜ.

ಆನೆಚೌಕೂರು ದಾರಿ

ಬೈಕಿನ ವಿಷಯ. ವೀರನಹೊಸಹಳ್ಳಿಯಿಂದ ನಾಣಚ್ಚಿಗೆ ಹೋಗುವ ಒಳರಸ್ತೆಯಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಮ್ಯಾಪ್ ಆ ದಾರಿಯನ್ನೇ ಹತ್ತಿರ ಅಂತ ತೋರಿಸುತ್ತದೆ, ಗೇಟಿನವರೆಗೆ ಹೋಗಿ ವಾಪಸು ಬರಬೇಕಾಗುತ್ತದೆ. ಬೈಕಿನವರು ಹುಣಸೂರು, ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ ಹೀಗೆ ಬರಲಿ. ಈ ದಾರಿಯೂ ಆನೆಚೌಕೂರಿನ ಆಸುಪಾಸಿನಲ್ಲಿ ಕಾಡಿನೊಳಗೇ ಹಾಯುತ್ತದೆ. ಕತ್ತಲಾಗುವ ಮೊದಲೇ ತಿತಿಮತಿ ದಾಟಿಬಿಡುವುದು ಒಳ್ಳೆಯದು.

ಪೆಟ್ರೋಲು, ಎಟಿಎಂ, ಔಷಧಿ ಎಲ್ಲ ಗೋಣಿಕೊಪ್ಪದಲ್ಲೇ ಮುಗಿಸಿ. ಒಳರಸ್ತೆಯಲ್ಲಿ ಬರುವ ಕಾರಿನವರಾದರೆ ಹುಣಸೂರಿನಲ್ಲಿ. ಕಾಡಿನೊಳಗೆ ಫೋನು ಸಿಗುವುದು ಅಷ್ಟಕ್ಕಷ್ಟೆ, ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ. ಎರಡು ಗಾಡಿಯವರು ಭೇಟಿಯಾಗುವ ಜಾಗ ಮತ್ತು ಹೊತ್ತನ್ನು ಹುಣಸೂರಿನಲ್ಲೇ ಮಾತಾಡಿಕೊಳ್ಳಿ.

ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು ಬರೆದುಕೊಳ್ಳುತ್ತಾರೆ, ಪ್ಲಾಸ್ಟಿಕ್ ಮತ್ತು ಮದ್ಯ ತಪಾಸಣೆ ಮಾಡುತ್ತಾರೆ. ನೀರಿಗೆ ಸ್ಟೀಲ್ ಬಾಟಲಿ ಇಟ್ಟುಕೊಂಡರೆ ಆ ರಗಳೆಯೇ ಇಲ್ಲ. ಒಳಗೆ ಎಲ್ಲೂ ನಿಲ್ಲಿಸುವಂತಿಲ್ಲ. ಮಗುವಿಗೆ ಮೂತ್ರಕ್ಕೆ ಅಂತಲೂ ನಿಲ್ಲಿಸುವುದು ಬೇಡ, ಗೇಟಿಗೆ ಮೊದಲೇ ಮುಗಿಸಿಕೊಳ್ಳಿ.

ಹಡ್ಲು

ಸಫಾರಿಯಲ್ಲಿ ಏನು ನೋಡಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಎಲ್ಲರೂ 'ಹುಲಿ ಬಂತಾ' ಅಂತಷ್ಟೇ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಫೆಬ್ರವರಿ ಕೊನೆಗೆ ತೇಗ, ಮತ್ತಿ, ಹೊನ್ನೆ ಎಲೆ ಉದುರಿಸಿ ನಿಂತಿರುತ್ತವೆ. ಬೂರುಗದ ಮರ ಕೆಂಪಗೆ ಹೂ ಬಿಟ್ಟಿರುತ್ತದೆ, ಅದರ ಮೇಲೆ ಮೈನಾ, ಕಾಜಾಣಗಳ ಸಂತೆ. ಎಲೆ ಉದುರಿರುವುದರಿಂದ ಕಣ್ಣು ದೂರದವರೆಗೆ ಹೋಗುತ್ತದೆ. ಮಳೆಗಾಲ ಮುಗಿದ ಕೂಡಲೇ ಬಂದವರಿಗೆ ಇದು ಸಿಗುವುದಿಲ್ಲ. ಆಗ ಲಂಟಾನ ಮತ್ತು ಹುಲ್ಲು ಎದೆಮಟ್ಟಕ್ಕೆ ನಿಂತು, ಹತ್ತಡಿಯ ಆಚೆ ಆನೆ ಇದ್ದರೂ ಕಾಣುವುದಿಲ್ಲ.

ಒಣಗಿದ ಕಾಡಿನ ನಡುವೆ ಹಸಿರಾಗಿ ಉಳಿಯುವುದು ಹಡ್ಲು. ತಗ್ಗಿನ ಜೌಗು ನೆಲ, ಜೇಡಿಮಣ್ಣು, ವರ್ಷದ ಬಹುಪಾಲು ತೇವ ಹಿಡಿದಿಟ್ಟುಕೊಳ್ಳುವುದರಿಂದ ಮರ ಏಳುವುದಿಲ್ಲ, ಹುಲ್ಲು ಮಾತ್ರ. ಜಿಂಕೆ, ಕಾಟಿ (ಕಾಡೆಮ್ಮೆ), ಆನೆ ಎಲ್ಲ ಬೇಸಿಗೆಯಲ್ಲಿ ಇಲ್ಲಿಗೇ ಇಳಿಯುತ್ತವೆ. ಹಾಗಾಗಿ ಹುಲಿ, ಚಿರತೆ, ಕೆನ್ನಾಯಿ (ಕಾಡುನಾಯಿ) ಕೂಡ ಇದರ ಅಂಚಿನಲ್ಲೇ ಹೊಂಚುತ್ತವೆ. ಗಾಡಿ ಹಡ್ಲಿನ ಬಳಿ ನಿಂತಾಗ ಎಲ್ಲರೂ ನಡುವಿನ ಜಿಂಕೆ ಹಿಂಡನ್ನೇ ನೋಡುತ್ತಾರೆ. ನೀವು ಹುಲ್ಲು ಮುಗಿದು ಮರ ಶುರುವಾಗುವ ಗೆರೆಯನ್ನು ಎಡದಿಂದ ಬಲಕ್ಕೆ ನಿಧಾನಕ್ಕೆ ನೋಡುತ್ತಾ ಬನ್ನಿ. ಜಿಂಕೆಗಳೆಲ್ಲ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿದ್ದರೆ ಅವುಗಳ ಮೂಗು ಎತ್ತ ಇದೆಯೋ ಅತ್ತ ನೋಡಿ. ಒಂದು ಮುಂಗಾಲಿನಿಂದ ನೆಲ ಬಡಿದರೆ ಅನುಮಾನ ಬಲವಾಗಿದೆ ಅಂತ ಅರ್ಥ.

ಆಮೇಲೆ ಕೂಗು. ಚುಕ್ಕಿ ಜಿಂಕೆಯದು ಸಣ್ಣ ಸೀಳು ದನಿ, 'ಕುಂಯ್' ಅಂತ. ಅದು ಕೆನ್ನಾಯಿಗೂ ಕೂಗುತ್ತದೆ, ಚಿರತೆಗೂ ಕೂಗುತ್ತದೆ, ಒಮ್ಮೊಮ್ಮೆ ಸುಮ್ಮನೆ ಬೆಚ್ಚಿಯೂ ಕೂಗುತ್ತದೆ. ಒಂದೆರಡು ಸಲ ಕೂಗಿ ನಿಂತರೆ ಕಾದು ಫಲವಿಲ್ಲ. ಮುಸುವ ಮರದ ತುದಿಯಿಂದ ಗಂಟಲಲ್ಲಿ ಕೆಮ್ಮಿದಂತೆ 'ಖೊಕ್, ಖೊಕ್' ಅನ್ನುತ್ತದೆ. ಅದಕ್ಕೆ ಮೇಲಿಂದ ಕಾಣುತ್ತದೆ, ಆದ್ದರಿಂದ ಅದರ ಮಾತಿಗೆ ತೂಕ ಹೆಚ್ಚು. ಎಲ್ಲಕ್ಕಿಂತ ನಂಬಬಹುದಾದದ್ದು ಕಡವೆ. ತಗಡು ಬಡಿದಂತೆ 'ಢಾಂಕ್' ಅಂತ ಕೂಗುತ್ತದೆ, ಕಡವೆ ಬಿಟ್ಟುಬಿಟ್ಟು ಕೂಗುತ್ತಲೇ ಇದ್ದರೆ ಅದು ದೊಡ್ಡ ಬೇಟೆಗಾರನನ್ನು ಕಣ್ಣಾರೆ ನೋಡುತ್ತಿದೆ. ಕೂಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಾ ಹೋದರೆ ಹುಲಿ ನಡೆಯುತ್ತಿದೆ. ಚಾಲಕ ಮುಂದಿನ ತಿರುವಿಗೆ ಹೋಗಿ ಎಂಜಿನ್ ಆರಿಸಿ ಕಾಯುವುದು ಆಗಲೇ. ಅಂಥ ಹತ್ತು ನಿಮಿಷದಲ್ಲಿ ಗಾಡಿಯಲ್ಲಿ ಯಾರೋ ಚಿಪ್ಸ್ ಪೊಟ್ಟಣ ಬಿಚ್ಚಿದರೆ ಎಲ್ಲರ ಕಾಯುವಿಕೆಯೂ ಹಾಳು.

ನೆಲವನ್ನೂ ನೋಡಿ. ಮೆತ್ತನೆ ಧೂಳಿನಲ್ಲಿ ಹೆಜ್ಜೆಯ ಅಂಚು ಚೂಪಾಗಿದ್ದು, ಅದರ ಮೇಲೆ ಇರುವೆಯೋ ಹುಳವೋ ಹರಿದ ಗೆರೆ, ಉದುರಿದ ಎಲೆ, ಇಬ್ಬನಿಯ ಚುಕ್ಕೆ ಇಲ್ಲದಿದ್ದರೆ ಹೊಸದು. ಹುಲಿ ಚಿರತೆಗಳ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ನಡೆಯುವಾಗ ಒಳಕ್ಕೆ ಎಳೆದುಕೊಂಡಿರುತ್ತವೆ. ಕೆನ್ನಾಯಿಯದರಲ್ಲಿ ಮೂಡುತ್ತದೆ.

ಹುಲಿ ಕಂಡೇ ಕಾಣುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ಅವರ ಬಳಿ ಬುಕ್ ಮಾಡಬೇಡಿ. ಇದು 1955ರಲ್ಲಿ ಅಭಯಾರಣ್ಯವಾಗಿ, 1999ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು. ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಗಳನ್ನು ಅಧ್ಯಯನ ಮಾಡಿದ್ದು ಇಲ್ಲೇ, ಅದಕ್ಕೆ ಬೆನ್ನೆಲುಬಾಗಿ ಕಾಡು ಕಾದವರು ಕೊಡಗಿನವರೇ ಆದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ. ಕಾವಲು ಗಟ್ಟಿಯಾಗಿದ್ದರಿಂದ ಜಿಂಕೆ, ಕಡವೆ, ಕಾಟಿ ಉಳಿದವು. ಅವು ಉಳಿದಿದ್ದರಿಂದ ಹುಲಿ ಉಳಿಯಿತು. ಹಾಗಾಗಿ ಕಾಟಿ ಹಿಂಡು ಕಂಡಾಗ 'ಬರೀ ಕಾಡೆಮ್ಮೆ' ಅಂತ ಮುಖ ತಿರುಗಿಸಬೇಡಿ.

ಮಸೂರ

ಕ್ಯಾಮೆರಾ ಇದ್ದರೆ ನಾಲ್ಕು ಮಾತು. ಉದ್ದ ಲೆನ್ಸಿಗೆ ಬೇರೆ ಶುಲ್ಕ ಇದೆ, ಕೌಂಟರಿನಲ್ಲೇ ಹೇಳಿ ರಸೀದಿ ಪಡೆಯಿರಿ. ಬೆಳಗಿನ ಮೊದಲ ಅರ್ಧ ಗಂಟೆ ಮರದಡಿ ಬೆಳಕು ತೀರಾ ಕಡಿಮೆ. ಐಎಸ್‌ಒ 3200ಕ್ಕೆ ಹೆದರದೆ ಏರಿಸಿ, ನಿಂತ ಪ್ರಾಣಿಗೆ ಶಟರ್ ವೇಗ 1/250, ಓಡುವುದಕ್ಕೆ 1/1000ರ ಆಸುಪಾಸು ಇಟ್ಟುಕೊಳ್ಳಿ. ಟ್ರೈಪಾಡ್ ಗಾಡಿಯಲ್ಲಿ ದಂಡ. ಬಟ್ಟೆಚೀಲಕ್ಕೆ ಒಂದು ಕಿಲೋ ಅಕ್ಕಿ ತುಂಬಿ ಬಾಯಿ ಹೊಲಿದು ಕಿಟಕಿಯ ಕಂಬಿ ಮೇಲೆ ಇಟ್ಟರೆ ಲೆನ್ಸ್ ಅಲುಗುವುದಿಲ್ಲ. ಎಂಜಿನ್ ಓಡುತ್ತಿದ್ದರೆ ಚೀಲವೂ ಕೆಲಸಕ್ಕೆ ಬಾರದು, ನಡುಕ ಕಂಬಿಯಿಂದಲೇ ಏರುತ್ತದೆ. ಅಂಥ ಹೊತ್ತಲ್ಲಿ ಕೈಯಲ್ಲೇ ಹಿಡಿಯಿರಿ. ದಾರಿಯ ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಕ್ಯಾಮೆರಾ ಇಲ್ಲದವರಿಗೆ 8x42 ಬೈನಾಕ್ಯುಲರ್ ಒಂದು ಸಾಕು. ಮಗುವಿನ ಕೈಗೆ ಅದನ್ನೇ ಕೊಡಿ, ಮೊಬೈಲ್ ಬೇಡ.

ಪೊನ್ನಂಪೇಟೆ ಅಕ್ಕ

ಅಮ್ಮನವರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಸಫಾರಿ ಗಾಡಿಯ ಮೆಟ್ಟಿಲು ಎತ್ತರ, ಮೊಣಕಾಲು ನೋವಿರುವವರಿಗೆ ಒಬ್ಬರು ಕೆಳಗೆ ಒಬ್ಬರು ಮೇಲೆ ನಿಂತು ಕೈ ಕೊಡಬೇಕು. ಹಿಂದಿನ ಚಕ್ರದ ಮೇಲಿನ ಸೀಟು ಎತ್ತಿ ಹಾಕುತ್ತದೆ, ಬೆನ್ನುನೋವು ಇದ್ದರೆ ಮುಂದಿನ ಸಾಲು ಕೇಳಿಕೊಳ್ಳಿ. ಒಂದು ಸಣ್ಣ ದಿಂಬು ಸೊಂಟಕ್ಕೆ ಇಟ್ಟರೆ ತುಂಬಾ ಅನುಕೂಲ. ಒಮ್ಮೆ ಒಳಗೆ ಹೋದರೆ ವಾಪಸು ಬರುವವರೆಗೆ ಇಳಿಯುವಂತಿಲ್ಲ, ಶೌಚಾಲಯ ಇರುವುದಿಲ್ಲ. ಬೆಳಿಗ್ಗೆ ಕಾಫಿ ಅರ್ಧ ಲೋಟ ಸಾಕು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಾದರೆ ಬರಿಹೊಟ್ಟೆಯಲ್ಲಿ ಹತ್ತಿಸಬೇಡಿ. ನೀವು ಉಳಿದ ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟರೆ ಎರಡು ಅಕ್ಕಿ ರೊಟ್ಟಿ ಮಾಡಿಕೊಡುತ್ತಾರೆ, ಹೊರಡುವ ಮೊದಲೇ ತಿನ್ನಿಸಿ.

ಮಧ್ಯಾಹ್ನ ಬಿಸಿಲಿದ್ದರೂ ಬೆಳಗಿನ ಚಳಿಗೆ ಸ್ವೆಟರು, ಕಿವಿ ಮುಚ್ಚುವ ಮಫ್ಲರು ಬೇಕೇಬೇಕು. ತೆರೆದ ಗಾಡಿಯ ಗಾಳಿಗೆ ಮಗುವಿಗೆ ಮೂಗು ಕಟ್ಟುತ್ತದೆ. ಬುಕ್ ಮಾಡಿದ ಹೆಸರಿನ ಮೂಲ ಗುರುತಿನ ಚೀಟಿ ಜೊತೆಗಿರಲಿ, ಅರ್ಧ ಗಂಟೆ ಮೊದಲೇ ಗೇಟಿನಲ್ಲಿರಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಬಂದರೆ ಸೀಟಿಗೂ ರೂಮಿಗೂ ಪೈಪೋಟಿ ಕಡಿಮೆ.

ಇನ್ನೊಂದು ಕಳಕಳಿಯ ಮಾತು. ದಾರಿಯಲ್ಲಿ ಕಾಣುವ ಹಾಡಿಗಳು ಜೇನುಕುರುಬರ, ಬೆಟ್ಟಕುರುಬರ, ಯರವರ ಮನೆಗಳು. ಗಾಡಿ ನಿಧಾನ ಮಾಡಿ ಕಿಟಕಿಯಿಂದ ಫೋಟೋ ತೆಗೆಯುವುದು, ಮಕ್ಕಳಿಗೆ ಚಾಕೊಲೇಟ್ ಎಸೆಯುವುದು ದಯವಿಟ್ಟು ಬೇಡ. ಅವರು ಪ್ರದರ್ಶನಕ್ಕೆ ಕೂತವರಲ್ಲ, ಆ ಕಾಡು ಅವರ ಊರು.

ಮಾಯಮುಡಿ ತೋಟ

ನಿಜವಾದ ಅಪಾಯ ಇರುವುದು ಸಫಾರಿಯಲ್ಲಲ್ಲ, ನೀವು ಉಳಿಯುವ ತೋಟದಲ್ಲಿ. ದಕ್ಷಿಣ ಕೊಡಗಿನ ಕಾಫಿ ತೋಟಗಳಲ್ಲಿ ಆನೆ ಹಗಲೂ ಇರುತ್ತದೆ. ನೀರಿನ ಕೆರೆ, ಹಲಸು, ಬಾಳೆ, ಬೈನೆ, ಮೇಲೆ ನೆರಳಿನ ಮರ. ಅದಕ್ಕೆ ಬೇಕಾದ್ದೆಲ್ಲ ಇಲ್ಲೇ ಇದೆ. ಭತ್ತದ ಕಾಲದಲ್ಲಿ ಗದ್ದೆಗೆ ಬರುತ್ತದೆ, ಬೇಸಿಗೆಯಲ್ಲಿ ಕೆರೆಗೆ, ಆಮೇಲೆ ಹಲಸಿಗೆ. ಸೋಲಾರ್ ಬೇಲಿ, ಕಂದಕ, ರೈಲು ಹಳಿಯ ತಡೆ ಎಲ್ಲ ಇದ್ದೂ ಬರುತ್ತದೆ. ಬೇಲಿ ಎಲ್ಲಿ ಮುಗಿಯುತ್ತದೆ, ಕಂದಕದ ಮಣ್ಣು ಎಲ್ಲಿ ಕುಸಿದಿದೆ ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ಸಂಜೆ 6ರ ಮೇಲೆ, ಬೆಳಿಗ್ಗೆ 7ಕ್ಕೆ ಮೊದಲು ತೋಟದ ದಾರಿಯಲ್ಲಿ ವಾಕಿಂಗ್ ಬೇಡ. ಮನೆಯವರು 'ಇವತ್ತು ಆ ಕಡೆ ಹೋಗಬೇಡಿ' ಅಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ. ಸಾಲುಗಳ ನಡುವೆ ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಹೊಟ್ಟೆಯ ಗುಡುಗಿನಂಥ ಗೊರಗೊರ ಕೇಳಿದರೆ ಮುಂದೆ ಒಂದು ಹೆಜ್ಜೆಯೂ ಇಡಬೇಡಿ. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ. ರೊಬಸ್ಟಾ ಕಾಫಿ ಗಿಡಗಳ ನಡುವೆ ಆನೆ ನಿಂತರೆ ಬೆನ್ನಿನ ಬೂದು ಬಣ್ಣ ನೆರಳಿಗೆ ಬೆರೆತುಹೋಗುತ್ತದೆ, ಹದಿನೈದು ಅಡಿಯಲ್ಲಿದ್ದರೂ ತಿಳಿಯುವುದಿಲ್ಲ.

ರಸ್ತೆಯಲ್ಲಿ ಎದುರಾದರೆ ಕನಿಷ್ಠ ನೂರು ಅಡಿ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಹೈಬೀಮ್ ಬೇಡ, ಇಳಿಯುವುದಂತೂ ಬೇಡ. ಎಂಜಿನ್ ಚಾಲೂ ಇರಲಿ, ಹಿಂದೆ ಗಾಡಿ ಇದ್ದರೆ ಕೈ ಸನ್ನೆ ಮಾಡಿ ಜಾಗ ಬಿಡಿಸಿಕೊಳ್ಳಿ, ನಿಮಗೆ ಹಿಂದೆ ಸರಿಯಲು ದಾರಿ ಬೇಕು. ಕಿವಿ ಬೀಸುತ್ತಾ ಬಾಲ ಆಡಿಸುತ್ತಾ ಮೇಯುತ್ತಿದ್ದರೆ ಅದರ ಪಾಡಿಗೆ ಅದಿದೆ. ಕಿವಿ ಅಗಲಿಸಿ ಅಲುಗದೆ ನಿಂತರೆ, ಬಾಲ ಗಟ್ಟಿಯಾಗಿ ಎತ್ತಿದರೆ, ಕಾಲಿನಿಂದ ಮಣ್ಣು ಒದ್ದರೆ ಆಗಲೇ ರಿವರ್ಸ್ ಹಾಕಿ. ಕಣ್ಣಿಗೂ ಕಿವಿಗೂ ನಡುವೆ ಎಣ್ಣೆ ಇಳಿದಂಥ ಕಪ್ಪು ಗೆರೆ ಕಂಡರೆ ಸಲಗಕ್ಕೆ ಮದ ಬಂದಿದೆ, ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳಲಾಗದು. ಮರಿ ರಸ್ತೆಯ ಒಂದು ಬದಿಗೆ, ತಾಯಿ ಇನ್ನೊಂದು ಬದಿಗೆ ಇದ್ದರೆ ನಡುವೆ ನುಗ್ಗಬೇಡಿ. ಒಂದು ಆನೆ ದಾಟಿತು ಅಂತ ತಕ್ಷಣ ಹೊರಡಲೂಬೇಡಿ, ಹಿಂಡಾದರೆ ಹಿಂದೆ ಇನ್ನೂ ಬರುವವು ಇರುತ್ತವೆ.

ಬೈಕಿನವರಿಗೆ ವಿಶೇಷವಾಗಿ: ಶ್ರೀಮಂಗಲ–ಕುಟ್ಟ ದಾರಿಯಲ್ಲೂ ಸಂಜೆ ತಡ ಮಾಡಬೇಡಿ.

ಫೆಬ್ರವರಿಯಲ್ಲಿ ರೊಬಸ್ಟಾ ಕುಯ್ಲು ನಡೆಯುತ್ತಿರುತ್ತದೆ. ಕಣದಲ್ಲಿ ಒಣಗಲು ಹಾಕಿದ ಕಾಫಿ ಮೇಲೆ ಮಕ್ಕಳನ್ನು ಓಡಾಡಲು ಬಿಡಬೇಡಿ, ಅದು ವರ್ಷದ ದುಡಿಮೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದಿದ್ದರೆ ಅಥವಾ ಸ್ಪ್ರಿಂಕ್ಲರ್ ಹಾಕಿದ್ದರೆ ಸುಮಾರು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ, ಮಲ್ಲಿಗೆಯಂಥ ಗಮಗಮ. ಜೊತೆಗೆ ಜೇನುಹುಳ ತುಂಬಿರುತ್ತದೆ, ಗಾಢ ಅತ್ತರು ಬಳಿಯಬೇಡಿ.

ಶ್ರೀಮಂಗಲದ ಗದ್ದೆ

ಮಾಯಮುಡಿಯವರ ಮಾತನ್ನು ಎರಡು ಸಲ ಓದಿ. ಇರ್ಪು ಬಗ್ಗೆ ಹೇಳುತ್ತೇನೆ. ಶ್ರೀಮಂಗಲದಿಂದ ಕುಟ್ಟಕ್ಕೆ ಬರುವಾಗ ಕುರ್ಚಿ ಊರಿನ ಕಡೆಗೆ ತಿರುಗಬೇಕು. ರಾಮೇಶ್ವರ ದೇವಸ್ಥಾನದವರೆಗೆ ಗಾಡಿ ಹೋಗುತ್ತದೆ, ಆಮೇಲೆ ಟಿಕೆಟು, ಮೆಟ್ಟಿಲು. ಇದು ಲಕ್ಷ್ಮಣತೀರ್ಥ ನದಿ. ಮುಂದೆ ಹರಿದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಫೆಬ್ರವರಿಯಲ್ಲಿ ನೀರು ತೆಳ್ಳಗಿರುತ್ತದೆ, ಮಕ್ಕಳು ಕಾಲು ಅದ್ದಲು ಒಳ್ಳೆಯದು. ಆದರೆ ಪಾಚಿ ಹಿಡಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಹತ್ತಬೇಡಿ. ಅಮ್ಮನವರು ದೇವಸ್ಥಾನದ ಜಗಲಿಯಲ್ಲೇ ಕೂತಿರಲಿ. ಮಹಾಶಿವರಾತ್ರಿಗೆ ಅಲ್ಲಿ ಜನಸಾಗರ, ತಾರೀಖು ಪಂಚಾಂಗದಲ್ಲಿ ನೋಡಿಕೊಂಡು ಆ ದಿನ ತಪ್ಪಿಸಿ. ಮಳೆಗಾಲದಲ್ಲಿ ಬರುವವರಿಗೆ ಜಿಗಣೆ ಇದೆ. ಕಚ್ಚಿದ್ದನ್ನು ಬೆಂಕಿಯಿಂದ ಸುಡಬೇಡಿ, ಉಗುರನ್ನು ಬಾಯಿಯ ಬದಿಗೆ ತೂರಿಸಿ ಬಿಡಿಸಿ, ಸೋಪು ಹಾಕಿ ತೊಳೆಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಬ್ರಹ್ಮಗಿರಿಯನ್ನು ಈ ಸಲ ಬಿಟ್ಟುಬಿಡಿ. ಅದು ಪೂರ್ತಿ ಒಂದು ದಿನದ ಏರು, ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಿ ಬೇಕು. ಮೇಲಾಗಿ ಬೆಂಕಿಯ ಕಾಲದಲ್ಲಿ ಚಾರಣ ನಿಲ್ಲಿಸುತ್ತಾರೆ. ಒಣಗಿದ ಹುಲ್ಲುಗಾವಲಿಗೆ ಒಂದು ಬೀಡಿ ತುಂಡು ಸಾಕು.

ಆನೆಚೌಕೂರು ದಾರಿ

ಆನೆ ಶಿಬಿರಕ್ಕೆ ದುಬಾರೆವರೆಗೆ ಹೋಗಬೇಕಿಲ್ಲ, ಅದು ಕುಶಾಲನಗರದ ಕಡೆ, ನಿಮಗೆ ಉಲ್ಟಾ. ಹುಣಸೂರು–ಗೋಣಿಕೊಪ್ಪ ರಸ್ತೆಯಲ್ಲೇ ಮತ್ತಿಗೋಡು ಶಿಬಿರ ಸಿಗುತ್ತದೆ. 2020ರಿಂದ 2025ರವರೆಗೆ ಮೈಸೂರು ದಸರಾದಲ್ಲಿ 750 ಕಿಲೋದ ಚಿನ್ನದ ಅಂಬಾರಿ ಹೊತ್ತ ಆನೆ ಅಭಿಮನ್ಯು ಅಲ್ಲಿಯವನು. ಆದರೆ ಪುಂಡಾನೆ ಹಿಡಿಯುವ ಕಾರ್ಯಾಚರಣೆಗೆ, ದಸರಾಕ್ಕೆ ಆನೆಗಳನ್ನು ಕರೆದೊಯ್ದಿದ್ದರೆ ಶಿಬಿರ ಖಾಲಿ ಖಾಲಿ. ನೋಡಲು ಬಿಡುವ ಹೊತ್ತನ್ನು ಮೊದಲೇ ವಿಚಾರಿಸಿ. ಮಾವುತರು ಹೇಳಿದ ಗೆರೆ ದಾಟಬೇಡಿ, ಬಾಳೆಹಣ್ಣು ಕೊಡುವುದಾದರೂ ಅವರನ್ನು ಕೇಳಿಯೇ.

ಮುಖ್ಯವಾದ ಇನ್ನೊಂದು: ಬುಕ್ ಮಾಡುವ ಮುನ್ನ ಸಫಾರಿ ನಡೆಯುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತ್ತು. ಕಾಡಂಚಿನ ಜನರ ಜೀವ ಮೊದಲು, ನಮ್ಮ ಪ್ರವಾಸ ಆಮೇಲೆ. ಹಾಗಾಗಿ ರೂಮು ಬುಕ್ ಮಾಡುವಾಗ ರದ್ದು ಮಾಡಿದರೆ ಹಣ ವಾಪಸು ಬರುತ್ತದಾ ಅಂತ ಬರಹದಲ್ಲಿ ಪಡೆಯಿರಿ.

ಪೊನ್ನಂಪೇಟೆ ಅಕ್ಕ

ಊಟ: ಕಡಂಬುಟ್ಟು (ಅಕ್ಕಿ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ), ಕಾಚಂಪುಳಿ ಎಂಬ ಹುಳಿ ಹಾಕಿದ ಪಂದಿ (ಹಂದಿ) ಕರಿ ಎಲ್ಲ ಸಿಗುತ್ತದೆ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿ. ಕಳಲೆ (ಎಳೆ ಬಿದಿರು) ಕೇಳಬೇಡಿ, ಅದು ಮಳೆಗಾಲದ್ದು. ಯಾರಾದರೂ ಗುಟ್ಟಾಗಿ 'ಕಾಡಿನ ಮಾಂಸ ಇದೆ' ಅಂದರೆ ಎದ್ದು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ, ತಿಂದವರೂ ಸಿಕ್ಕಿಬೀಳುತ್ತಾರೆ.

ಬಯಲುಸೀಮೆಯವ

ಎಲ್ಲರಿಗೂ ಮನಸಾರೆ ವಂದನೆ. ಯೋಜನೆ ಹೀಗೆ ಬದಲಿಸಿದೆ: ಮಂಗಳವಾರ ಹುಣಸೂರಿನಿಂದ ಕಾರು, ಬೈಕು ಎರಡೂ ತಿತಿಮತಿ ಮೇಲೆ, ದಾರಿಯಲ್ಲಿ ಮತ್ತಿಗೋಡು. ಬುಧವಾರ ಬೆಳಿಗ್ಗೆ ನಾಣಚ್ಚಿ ಸಫಾರಿ, ಮಧ್ಯಾಹ್ನ ವಿಶ್ರಾಂತಿ. ಗುರುವಾರ ಇರ್ಪು ಮುಗಿಸಿ, ಸಂಜೆ 5ಕ್ಕೆ ಕಾರು ಮಾತ್ರ ನಾಣಚ್ಚಿ ಮೇಲೆ ಒಳರಸ್ತೆಯಲ್ಲಿ ಹುಣಸೂರಿಗೆ. ಸರಿಯಾ?

ಶ್ರೀಮಂಗಲದ ಗದ್ದೆ

ಕೊನೆಯದೊಂದು ಬದಲಿಸಿ. 6 ಅನ್ನುವುದು ನೀವು ಆ ಕಡೆಯ ಗೇಟಿನಿಂದ ಹೊರಗಿರಬೇಕಾದ ಹೊತ್ತು. ಉಬ್ಬುಗಳು, ತಿರುವುಗಳು, ನಡುವೆ ಒಂದು ಆನೆ ನಿಂತರೆ ಅರ್ಧ ಗಂಟೆ ಅಲ್ಲೇ ಹೋಯಿತು, ಒಳರಸ್ತೆಗೆ ಒಂದು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಕು. 5ಕ್ಕೆ ಹೋದರೆ ಗೇಟಿನಲ್ಲೇ ತಡೆಯುತ್ತಾರೆ. ಇರ್ಪು ಬೆಳಿಗ್ಗೆ 9ಕ್ಕೆ ಮುಗಿಸಿ, ಕುಟ್ಟದಲ್ಲಿ ಊಟ ಮಾಡಿ, ಮಧ್ಯಾಹ್ನ 2ಕ್ಕೆ ನಾಣಚ್ಚಿ ಹೊಕ್ಕರೆ ನಿರಾಳ. ಬೈಕಿನವರು ಅದೇ ಹೊತ್ತಿಗೆ ಶ್ರೀಮಂಗಲದ ದಾರಿ ಹಿಡಿಯಲಿ, ಹುಣಸೂರಿನಲ್ಲಿ ಸೇರಿಕೊಳ್ಳಿ.